ವ್ಯವಸ್ಥೆ ಮಾಡಿದ್ದೇವೆ ಎನ್ನುವವರಿಗೆ

“ಎಲ್ಲ ವ್ಯವಸ್ಥೆ ಮಾಡಿದ್ದೇವೆ ಮೇಷ್ಟ್ರೇ” ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದೇನೆ. ತಂದೆಯವರು ಆಸ್ಪತ್ರೆಯಲ್ಲಿದ್ದಾರೆ, ಎಲ್ಲ ವ್ಯವಸ್ಥೆ ಮಾಡಿದ್ದೇವೆ. ತಾಯಿಗೆ ಲಕ್ವ ಹೊಡೆದಿದೆ, ಎಲ್ಲ ವ್ಯವಸ್ಥೆ ಮಾಡಿದ್ದೇವೆ. ಹೇಳುವವರು ಒಂದೋ ನನ್ನ ಹಳೆಯ ವಿದ್ಯಾರ್ಥಿಗಳು, ಇಲ್ಲವೇ ನಮ್ಮ ಬಂಧುವರ್ಗದ ಮಕ್ಕಳು. ಇವರಲ್ಲಿ ಯಾರೂ ಕೆಟ್ಟವರಲ್ಲ. ಅವರು ಹೇಳುವ ವ್ಯವಸ್ಥೆಯೂ ಸುಳ್ಳಲ್ಲ: ಹೆಸರಾಂತ ಆಸ್ಪತ್ರೆ, ಪ್ರತ್ಯೇಕ ಕೊಠಡಿ, ಆರೋಗ್ಯ ವಿಮೆ, ಏಜೆನ್ಸಿಯವರು ಕಳುಹಿಸಿದ ಹೋಮ್ ನರ್ಸ್, ಕುಳಿತಲ್ಲಿಂದಲೇ ಹಣ ಕಟ್ಟುವುದಕ್ಕೆ ಮೊಬೈಲು. ಆದರೆ ವ್ಯವಸ್ಥೆ ಎಂಬ ಪದ ಕಿವಿಗೆ ಬಿದ್ದೊಡನೆ ನನಗೆ ಶಾಮಿಯಾನ, ಅಡುಗೆ ಭಟ್ಟರು, ವಾಲಗದವರು ನೆನಪಾಗುತ್ತಾರೆ. ಮದುವೆಗೆ ವ್ಯವಸ್ಥೆ ಮಾಡಬಹುದು. ಎಂಬತ್ತೈದು ವರ್ಷದ ತಾಯಿ ನಡುರಾತ್ರಿ ಎಚ್ಚೆತ್ತು, ತಾನೆಲ್ಲಿದ್ದೇನೆಂದು ತಿಳಿಯದೆ ಕಂಗಾಲಾದಾಗ, “ನಾನಿಲ್ಲೇ ಇದೀನಮ್ಮ, ಮಲಕ್ಕೋ” ಎನ್ನುವುದಕ್ಕೆ ಏನು ವ್ಯವಸ್ಥೆ ಮಾಡಿದ್ದೀರಿ?

ಹೀಗೆ ಕೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ. ಮೂರು ದಶಕಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನಿಂತವನಿಗೆ ಅದರ ಅಭ್ಯಾಸವಿದೆ.

ನನ್ನ ವಾದ ಇಷ್ಟು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ರೋಗಿಯ ಆಪ್ತರೊಬ್ಬರು ಕುಳಿತಿರುವುದು ಚಿಕಿತ್ಸೆಯ ಒಂದು ಅಂಗ. ಆಸ್ಪತ್ರೆಗಳು ಅದನ್ನು ಉಪದ್ರವವೆಂದು ಎಣಿಸಿ ಬಾಗಿಲ ಹೊರಗೆ ನಿಲ್ಲಿಸಿವೆ. ಮಕ್ಕಳು ಅದನ್ನು ಹೊರೆಯೆಂದು ಎಣಿಸಿ ಸಂಬಳಕ್ಕೆ ವಹಿಸಿಬಿಟ್ಟಿದ್ದಾರೆ. ಇಬ್ಬರೂ ಕೂಡಿ ಮಾಡಿರುವ ಈ ಏರ್ಪಾಡಿನಲ್ಲಿ ಬಿಲ್ಲು ಮಾತ್ರ ವೇಳೆಗೆ ಸರಿಯಾಗಿ ಪಾವತಿಯಾಗುತ್ತಿದೆ.

ಕನ್ನಡ ಮೇಷ್ಟ್ರಾದ್ದರಿಂದ ಒಂದು ಪದದ ಹತ್ತಿರ ನಿಲ್ಲದೆ ಮುಂದೆ ಹೋಗಲಾರೆ. ಶುಶ್ರೂಷೆ. ಉಕ್ತಲೇಖನದಲ್ಲಿ ಈ ಪದ ಕೊಟ್ಟಾಗ ನೀವು ಎಷ್ಟು ಮಂದಿ ಶಕಾರ ಷಕಾರಗಳನ್ನು ಅದಲುಬದಲು ಮಾಡಿ ಹತ್ತು ಸಲ ಬರೆದಿದ್ದೀರೆಂಬುದು ನಿಮಗೆ ನೆನಪಿರಬಹುದು. ಸಂಸ್ಕೃತದ ‘ಶ್ರು’ ಧಾತುವಿಗೆ ಕೇಳು ಎಂದು ಅರ್ಥ. ಅದರ ಇಚ್ಛಾರ್ಥಕ ರೂಪದಿಂದ ಹುಟ್ಟಿದ್ದು ಶುಶ್ರೂಷಾ, ಅಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತನ್ನು ಕೇಳಬೇಕೆಂಬ ಬಯಕೆ ಎಂದು ಹೊರಟ ಪದ ಗುರುಸೇವೆ ಎಂಬ ಅರ್ಥಕ್ಕೆ ತಿರುಗಿ, ಆಮೇಲೆ ರೋಗಿಯ ಸೇವೆ ಎಂದಾಯಿತು. ಕೈಯಿಂದ ಮಾಡುವ ಕೆಲಸಕ್ಕೆ ಕಿವಿಯಿಂದ ಹೆಸರು ಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಈಗ ಸರ್ಕಾರಿ ಆಸ್ಪತ್ರೆಯ ದಾದಿಯರಿಗೆ ಶುಶ್ರೂಷಾಧಿಕಾರಿ ಎಂಬ ಪದನಾಮ ದೊರೆತಿದೆ. ಸಂತೋಷ. ಆದರೆ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡು ಒಬ್ಬಳ ತಲೆಯ ಮೇಲಿದ್ದರೆ ಆಕೆ ಯಾರ ಮಾತನ್ನು ಎಷ್ಟು ಹೊತ್ತು ಕೇಳಿಯಾಳು?

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಸ್ಪಷ್ಟವಾಗಿದ್ದರು. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇಂದಿನ ಆಸ್ಪತ್ರೆ ಮೊದಲನೆಯದು, ಎರಡನೆಯದು ಹಾಗೂ ನಾಲ್ಕನೆಯದನ್ನು ತರಬೇತಿಯಿಂದ ಸಾಧಿಸಿದೆ. ಆ ಬಗ್ಗೆ ನನಗೆ ಗೌರವವಿದೆ. ಮೂರನೆಯದನ್ನು ಯಾವ ನಮೂನೆಯಲ್ಲಿ ಭರ್ತಿ ಮಾಡಬೇಕೆಂದು ತಿಳಿಯದೆ ಬಿಟ್ಟುಬಿಟ್ಟಿದೆ.

ನಾನು ಕಂಡದ್ದನ್ನು ಹೇಳುತ್ತೇನೆ. 2022ರ ನವೆಂಬರಿನಲ್ಲಿ ನಮ್ಮ ತಾಯಿ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ ಎಂಬತ್ತೇಳು. ನಮ್ಮ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಶಸ್ತ್ರವೈದ್ಯರು ನಿಪುಣರು, ಆ ವಯಸ್ಸಿನ ಮೂಳೆಯನ್ನು ಕೂಡಿಸಿದ ಅವರ ಕೈಗೆ ನಾನು ಇಂದೂ ನಮಸ್ಕರಿಸುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ಎರಡು ದಿನ ಐಸಿಯು. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ, ಒಬ್ಬರಿಗೆ ಮಾತ್ರ ಪ್ರವೇಶ. ಒಳಗೆ ಕರೆದುಕೊಳ್ಳುವಾಗ ತಾಯಿಯ ಕಿವಿಯ ಯಂತ್ರ, ಕನ್ನಡಕ, ಹಲ್ಲಿನ ಸೆಟ್ಟು, ಬೆರಳಿನ ಉಂಗುರ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸಹಿ ಪಡೆದು ನಮ್ಮ ಕೈಗೆ ಕೊಟ್ಟರು. ಉಂಗುರ ಕೊಟ್ಟದ್ದು ಸರಿ. ಕಿವಿ, ಕಣ್ಣು, ಬಾಯಿಗಳನ್ನು ಚೀಲದಲ್ಲಿ ಕೊಟ್ಟಮೇಲೆ ಒಳಗೆ ಉಳಿದದ್ದೇನು?

ಮರುದಿನ ಬೆಳಿಗ್ಗೆ ನಾನು ಹೋದಾಗ ತಾಯಿಯ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ರಾತ್ರಿಯೆಲ್ಲ ನಳಿಕೆಗಳನ್ನು ಕೀಳಲು ಹೋದರಂತೆ, ಏಳಲು ಹೋದರಂತೆ. “ಪೇಷೆಂಟು ಕೋಆಪರೇಟ್ ಮಾಡ್ತಿಲ್ಲ ಸಾರ್” ಎಂದರು. ತಾಯಿ ನನ್ನ ಗುರುತು ಹಿಡಿಯಲಿಲ್ಲ. ಕರು ಬಿಡಬೇಕು, ಹೊತ್ತಾಯಿತು, ಯಾರೋ ಬಾಗಿಲು ಹಾಕಿದ್ದಾರೆ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹಸುಕರು ಇಲ್ಲದೆ ಮೂವತ್ತು ವರ್ಷವಾಗಿದೆ. ವಯಸ್ಸಾದವರಿಗೆ ಹೀಗಾಗುವುದು ಸಹಜ, ಒಂದು ಇಂಜೆಕ್ಷನ್ ಕೊಟ್ಟಿದ್ದೇವೆ ಎಂದು ಕಿರಿಯ ವೈದ್ಯರು ಹೇಳಿದರು. ಅಷ್ಟರಲ್ಲಿ ಹದಿನೈದು ನಿಮಿಷ ಮುಗಿದಿತ್ತು. ಆಪ್ತರೊಬ್ಬರನ್ನು ಒಳಗಿರಲು ಬಿಡಿ ಎಂದು ಕೇಳಿದ್ದಕ್ಕೆ ಆಡಳಿತದವರ ಉತ್ತರ: ಸೋಂಕು ತಗಲುತ್ತದೆ. ಅದೇ ಹೊತ್ತಿಗೆ ವಿಮೆಯ ಕಾಗದ ಹಿಡಿದ ಹುಡುಗನೊಬ್ಬ ಹೊರಗಿನ ಚಪ್ಪಲಿಯಲ್ಲೇ ಒಳಗೆ ಹೋಗಿಬಂದ.

ಆ ಸಂಜೆ ಪಾಳಿಗೆ ಬಂದ ಹಿರಿಯ ದಾದಿ ಕೇರಳದವರು. ನಮ್ಮ ಅಕ್ಕನನ್ನು, ಆಕೆಯೂ ಎಪ್ಪತ್ತರ ಅಂಚಿನಲ್ಲಿದ್ದವರು, ಕೈ ತೊಳೆಸಿ, ಗೌನು ತೊಡಿಸಿ ಒಳಗೆ ಕೂರಿಸಿಕೊಂಡರು. ನಿಯಮ ಮುರಿದರೆಂದು ಅವರಿಗೆ ತೊಂದರೆಯಾಗದಿರಲಿ ಎಂದೇ ಇಲ್ಲಿ ಹೆಚ್ಚು ವಿವರ ಬರೆಯುವುದಿಲ್ಲ. ಅಕ್ಕ ತಾಯಿಗೆ ಕಿವಿಯ ಯಂತ್ರ ಹಾಕಿದಳು. ಕನ್ನಡಕ ಒರೆಸಿ ಹಾಕಿದಳು. ಇದು ಆಸ್ಪತ್ರೆ, ನೀನು ಬಿದ್ದೆ, ಕಾಲಿಗೆ ಆಪರೇಷನ್ ಆಗಿದೆ, ಇವತ್ತು ಗುರುವಾರ, ಕರುವನ್ನು ಬಿಟ್ಟಾಯಿತು ಎಂದು ನಿಧಾನವಾಗಿ ಹೇಳಿದಳು. ಕೊನೆಯದು ನಿಜವಲ್ಲವಾದರೂ ಆ ಸುಳ್ಳಿಗೆ ಯಾವ ಧರ್ಮಶಾಸ್ತ್ರವೂ ಆಕ್ಷೇಪಿಸಲಾರದು. ಒಂದು ಗಂಟೆಯ ನಂತರ ಕೈಯ ಕಟ್ಟು ಬಿಚ್ಚಿದರು, ಮತ್ತೆ ಕಟ್ಟಬೇಕಾಗಲಿಲ್ಲ. ಎರಡನೆಯ ಇಂಜೆಕ್ಷನ್ನೂ ಬೇಕಾಗಲಿಲ್ಲ. ತಾಯಿ ಮನೆಗೆ ಬಂದು, ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ನಡೆದು, ಇನ್ನೂ ಒಂದೂವರೆ ವರ್ಷ ನಮ್ಮೊಡನಿದ್ದರು.

ಒಂದು ಮನೆಯ ಕಥೆಯಿಂದ ಸಿದ್ಧಾಂತ ಕಟ್ಟಬಾರದೆಂದು ನನಗೂ ಗೊತ್ತು. ಆದ್ದರಿಂದ ವೈದ್ಯರಾದ ನನ್ನ ಶಿಷ್ಯರ ನೆರವಿನಿಂದ ಒಂದಿಷ್ಟು ಓದಿಕೊಂಡೆ. ಅಂದು ತಾಯಿಗೆ ಆದದ್ದನ್ನು ನಮ್ಮ ಹಿರಿಯರು ‘ಸನ್ನಿ’ ಎನ್ನುತ್ತಿದ್ದರು. ವೈದ್ಯರ ಮಾತಿನಲ್ಲಿ ಡೆಲಿರಿಯಮ್. ಇದು ಮರೆವಿನ ಕಾಯಿಲೆಯಲ್ಲ, ಹುಚ್ಚಲ್ಲ. ಶಸ್ತ್ರಚಿಕಿತ್ಸೆ, ಸೋಂಕು, ನೀರಿನ ಕೊರತೆ, ಕೆಲವು ಔಷಧಗಳು, ನಿದ್ರಾಭಂಗ, ಅಪರಿಚಿತ ಜಾಗ ಇವೆಲ್ಲ ಕೂಡಿ ವೃದ್ಧರ ಮಿದುಳನ್ನು ಒಂದೆರಡು ದಿನಗಳಲ್ಲಿ ಕಲಕಿಬಿಡುವ ಸ್ಥಿತಿ. ಇದು ಬಂದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಸಾವಿನ ಅಪಾಯವೂ ಹೆಚ್ಚು. ಸಹಜ ಎಂದು ತಳ್ಳಿಹಾಕತಕ್ಕ ಸಂಗತಿಯೇ ಅಲ್ಲ.

1999ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಶೆರನ್ ಇನೋಯೆ ಹಾಗೂ ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಪ್ಪತ್ತು ದಾಟಿದ 852 ರೋಗಿಗಳು. ಅರ್ಧದಷ್ಟು ಮಂದಿಗೆ ಎಂದಿನ ಆರೈಕೆ. ಉಳಿದವರಿಗೆ ಅದರೊಂದಿಗೆ ಕೆಲವು ಸಣ್ಣ ಉಪಚಾರಗಳು. ಯಾವುವು ಗೊತ್ತೇ? ದಿನ, ಜಾಗ, ಜನರನ್ನು ಆಗಾಗ ನೆನಪಿಸುವುದು, ಕನ್ನಡಕ, ಕಿವಿಯ ಯಂತ್ರ ಹಾಕಿಸುವುದು, ಬೇಗ ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ಮಲಗುವ ಮುನ್ನ ಬಿಸಿ ಹಾಲೋ ಕಷಾಯವೋ ಕೊಟ್ಟು ಬೆನ್ನು ನೀವುವುದು, ರಾತ್ರಿ ಗದ್ದಲ ತಗ್ಗಿಸುವುದು. ಎಂದಿನ ಆರೈಕೆಯವರಲ್ಲಿ ಶೇಕಡಾ 15ರಷ್ಟು ಮಂದಿಗೆ ಸನ್ನಿಯಾಯಿತು. ಈ ಉಪಚಾರ ಪಡೆದವರಲ್ಲಿ ಶೇಕಡಾ 9.9. ಇದನ್ನು ಓದಿ ಅಕ್ಕನಿಗೆ ಹೇಳಿದೆ. “ಬೆನ್ನು ನೀವಿದರೆ ನಿದ್ದೆ ಬರತ್ತೆ ಅಂತ ತಿಳಿಯೋಕೆ ಅಷ್ಟು ಜನ ಡಾಕ್ಟ್ರು ಬೇಕಾಯ್ತಾ?” ಎಂದಳು. ಬೇಕಾಯಿತು. ಏಕೆಂದರೆ ಅಜ್ಜಿಯ ಮಾತನ್ನು ಆಸ್ಪತ್ರೆಯ ಆಡಳಿತ ಕೇಳುವುದಿಲ್ಲ, ಅಂಕಿಯನ್ನಾದರೂ ಕೇಳೀತು.

ಇನ್ನು ಸೋಂಕಿನ ವಾದ. ಬ್ರೆಜಿಲ್ ದೇಶದ 36 ತೀವ್ರ ನಿಗಾ ಘಟಕಗಳಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅಲ್ಲಿ ಬಂಧುಗಳಿಗೆ ಮೊದಲು ತಿಳಿವಳಿಕೆ ಕೊಟ್ಟು, ದಿನಕ್ಕೆ ಹನ್ನೆರಡು ಗಂಟೆಯವರೆಗೆ ರೋಗಿಯ ಬಳಿ ಇರಲು ಬಿಟ್ಟರು. ಅದನ್ನು ಎಂದಿನ ಕಟ್ಟುನಿಟ್ಟಿನ ಭೇಟಿಯೊಂದಿಗೆ ಹೋಲಿಸಿದರು. ನನಗೆ ಅನುಕೂಲವಾದುದನ್ನು ಮಾತ್ರ ಹೇಳಿದರೆ ತಪ್ಪಾದೀತು: ಸನ್ನಿಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಅಲ್ಲಿ ಕಂಡುಬರಲಿಲ್ಲ. ಆದರೆ ಸೋಂಕು ಹೆಚ್ಚಲಿಲ್ಲ. ಸಿಬ್ಬಂದಿಯ ಬಳಲಿಕೆಯೂ ಹೆಚ್ಚಲಿಲ್ಲ. ಬಂಧುಗಳ ಆತಂಕ, ಖಿನ್ನತೆ ಕಡಿಮೆಯಾದವು. ಎಂದಮೇಲೆ ಬಾಗಿಲು ಮುಚ್ಚುವುದಕ್ಕೆ ಕಾರಣವಾಗಿ ಉಳಿದದ್ದು ಅನುಕೂಲವೊಂದೇ. ರೋಗಿಯ ಕಡೆಯವರು ಪ್ರಶ್ನೆ ಕೇಳುತ್ತಾರೆ, ಡ್ರಿಪ್ ಮುಗಿದಿದೆ ಎಂದು ಕರೆಯುತ್ತಾರೆ, ಇದೇಕೆ ಅದೇಕೆ ಎನ್ನುತ್ತಾರೆ. ಅದೇ ಅವರ ಪ್ರಯೋಜನ ಎಂದು ನಾನು ಹೇಳುತ್ತೇನೆ.

ಸರ್ಕಾರಿ ಆಸ್ಪತ್ರೆಗಳ ತಪ್ಪು ಇದರ ತದ್ವಿರುದ್ಧವಾದುದು. ಅಲ್ಲಿ ರೋಗಿಯ ಕಡೆಯವರು ಇಲ್ಲದಿದ್ದರೆ ವಾರ್ಡೇ ನಡೆಯುವುದಿಲ್ಲ. ಸ್ಟ್ರೆಚರ್ ತಳ್ಳುವವನು ಮಗ. ರಕ್ತದ ಮಾದರಿಯ ಸೀಸೆ ಹಿಡಿದು ಪ್ರಯೋಗಾಲಯಕ್ಕೆ ಓಡುವವಳು ಸೊಸೆ. ಹೊರಗಿನ ಅಂಗಡಿಯಿಂದ ಔಷಧ, ಕೈಗವಸು ತರುವವನು ಅಳಿಯ. ದಿನಗೂಲಿ ಬಿಟ್ಟು ಬಂದ ಈ ಜನ ರಾತ್ರಿ ಮಂಚದ ಕೆಳಗೋ ಮೊಗಸಾಲೆಯಲ್ಲೋ ರಟ್ಟು ಹಾಸಿಕೊಂಡು ಮಲಗುತ್ತಾರೆ. ಬೆಳಗಿನ ಜಾವ ಕಾವಲುಗಾರ ಕೋಲಿನಿಂದ ನೆಲ ಕುಟ್ಟಿ ಎಬ್ಬಿಸುತ್ತಾನೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಆವರಣದಲ್ಲಿರುವಂತಹ ಧರ್ಮಶಾಲೆ ಎಷ್ಟು ಜಿಲ್ಲಾ ಆಸ್ಪತ್ರೆಗಳಲ್ಲಿದೆ? ಒಂದು ಕಡೆ ಆಪ್ತರನ್ನು ಬಿಟ್ಟಿ ಕೂಲಿಯಾಳಾಗಿ, ಇನ್ನೊಂದು ಕಡೆ ಹಣ ಕಟ್ಟುವ ಗಿರಾಕಿಯಾಗಿ ನೋಡುತ್ತಾರೆ. ಚರಕನ ಮೂರನೆಯ ಪಾದವೆಂದು ಎಲ್ಲಿಯೂ ನೋಡುತ್ತಿಲ್ಲ.

ದಾದಿಯರನ್ನು ಬೈದು ಕೈತೊಳೆದುಕೊಳ್ಳುವವರಿಗೂ ಒಂದು ಮಾತು. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ಬಗ್ಗೆ ಸಮಿತಿ ರಚಿಸುವಂತೆ 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳಿರುವ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದೆಂದು ಆ ಸಮಿತಿ ಶಿಫಾರಸು ಮಾಡಿತು. ನಿಮ್ಮ ಊರಿನ ನರ್ಸಿಂಗ್ ಹೋಮಿನಲ್ಲಿ ಇಂದು ಎಷ್ಟು ಕೊಡುತ್ತಾರೆಂದು ಒಮ್ಮೆ ವಿಚಾರಿಸಿ ನೋಡಿ. ಕರುಣೆ ಬೇಕೆನ್ನುವವರು ಅದನ್ನು ಕೊಡಬೇಕಾದವಳ ಹೊಟ್ಟೆ, ನಿದ್ರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯನ್ನು ಬೈಯುವವರೆಗೆ ನೀವೆಲ್ಲ ತಲೆಯಾಡಿಸುತ್ತಿದ್ದಿರಿ ಎಂಬುದು ನನಗೆ ಗೊತ್ತು.

ವ್ಯವಸ್ಥೆ ಎಂದಾಗ ಅದರೊಳಗೆ ಅಡಗಿರುವುದು ಬಹುಸಲ ಒಬ್ಬ ಹೆಂಗಸು. ಊರಿನಲ್ಲೇ ಉಳಿದ ಮಗಳು, ಅಥವಾ ಸೊಸೆ. ಅಣ್ಣತಮ್ಮಂದಿರು ವಾಟ್ಸ್‌ಆ್ಯಪ್ ಗುಂಪು ಮಾಡಿ, ವೈದ್ಯರು ಏನೆಂದರು, ವರದಿ ಕಳುಹಿಸು, ಇನ್ನೊಬ್ಬರ ಅಭಿಪ್ರಾಯ ತೆಗೆದುಕೋ ಎಂದು ಆಜ್ಞೆ ಹೊರಡಿಸುತ್ತಾರೆ. ಆಕೆ ಹನ್ನೊಂದು ದಿನಗಳಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ರಿಸುತ್ತಿದ್ದಾಳೆ. ಯಾರೂ “ನೀನು ಊಟ ಮಾಡಿದೆಯಾ” ಎಂದು ಕೇಳುವುದಿಲ್ಲ. ನಮ್ಮ ಬಂಧುಗಳಲ್ಲೇ ಇಂತಹ ಮನೆ ಒಂದಲ್ಲ, ಐದಾರು ಇವೆ. ಓದುವಾಗ ತಮ್ಮದೆಂದು ತಿಳಿದವರು ಕೋಪಿಸಿಕೊಳ್ಳದೆ ಆ ಅಕ್ಕನಿಗೋ ಅತ್ತಿಗೆಗೋ ಇಂದೇ ದೂರವಾಣಿ ಮಾಡಿ. ಇನ್ನೂ ಒಳ್ಳೆಯದು, ನಾಲ್ಕು ದಿನ ರಜೆ ಹಾಕಿ ಹೋಗಿ ಅವಳನ್ನು ಮನೆಗೆ ಕಳುಹಿಸಿ ಮಲಗಲು ಬಿಡಿ.

ರಜೆ ಎಲ್ಲಿದೆ ಎನ್ನುತ್ತೀರಿ. ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಪಾಲನೆಗೆ ಕೇಂದ್ರ ಸರ್ಕಾರಿ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ನಮ್ಮ ರಾಜ್ಯದಲ್ಲೂ 2021ರಲ್ಲಿ ಆರು ತಿಂಗಳ ರಜೆ ಬಂತು. ವೃದ್ಧ ತಂದೆತಾಯಿಯ ಆರೈಕೆಗೆಂದೇ ಪ್ರತ್ಯೇಕ ರಜೆ ಮಾತ್ರ ಇಲ್ಲ. ಗಳಿಕೆ ರಜೆಯನ್ನೇ ಅದಕ್ಕೂ ಬಳಸಿಕೊಳ್ಳಬಹುದು ಎಂಬರ್ಥದ ಉತ್ತರ 2025ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಬಂದಿತು. ಇದಕ್ಕಾಗಿ ನೌಕರರ ಸಂಘಗಳು ಒಂದು ದಿನವಾದರೂ ಧರಣಿ ಕುಳಿತದ್ದನ್ನು ನಾನು ಕಂಡಿಲ್ಲ. ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಸಂಗತಿ ತಿಳಿದಿರಲಿ. ಅಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆಯಂತೆ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ವರ್ಷ ದುಡಿದು ಅರ್ಹತೆಯ ಷರತ್ತುಗಳನ್ನು ಪೂರೈಸಿದವರಿಗೆ, ತೀವ್ರ ಕಾಯಿಲೆಯ ತಂದೆತಾಯಿಯನ್ನು ನೋಡಿಕೊಳ್ಳಲು ಹನ್ನೆರಡು ವಾರಗಳ ಸಂಬಳರಹಿತ ರಜೆ ದೊರೆಯುತ್ತದೆ. ತಂದೆತಾಯಿ ಬೇರೆ ದೇಶದಲ್ಲಿದ್ದರೂ ಆ ದೇಶದ ವೈದ್ಯರ ಪ್ರಮಾಣಪತ್ರ ನಡೆಯುತ್ತದೆ. ಸಂಬಳವಿಲ್ಲ, ನಿಜ. ಆದರೆ “ಕಾನೂನಿನಲ್ಲೇ ಅವಕಾಶವಿಲ್ಲ ಮೇಷ್ಟ್ರೇ” ಎಂಬ ಮಾತು ಇನ್ನು ಮುಂದೆ ನನ್ನ ಮುಂದೆ ನಡೆಯುವುದಿಲ್ಲ.

ನಿಜವಾಗಿಯೂ ಬರಲಾಗದವರೂ ಇದ್ದಾರೆ. ವೀಸಾದ ತೊಡಕು, ಸಣ್ಣ ಮಕ್ಕಳು, ನಿನ್ನೆಯಷ್ಟೇ ಸಿಕ್ಕ ಕೆಲಸ. ಅವರನ್ನು ನಾನು ದೂಷಿಸುತ್ತಿಲ್ಲ. ಅಂಥವರು ಮಾಡಬಹುದಾದದ್ದು ಒಂದಿದೆ. ಏಜೆನ್ಸಿಯ ಹುಡುಗಿಯನ್ನು ನಂಬಿ ಬಿಡುವ ಮೊದಲು ಆಕೆಯ ಹೆಸರು ಕೇಳಿ. ನಿಮ್ಮ ತಂದೆಗೆ ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ, ಕಾಫಿಗೆ ಸಕ್ಕರೆ ಎಷ್ಟು, ಬೆಳಿಗ್ಗೆ ಎದ್ದೊಡನೆ ಯಾವ ಪತ್ರಿಕೆ ಬೇಕು, ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ ಎಂಬುದನ್ನು ಅವಳಿಗೆ ಹೇಳಿಕೊಡಿ. ಇಷ್ಟು ಹೇಳಿಕೊಡಲು ನಿಮಗೇ ಗೊತ್ತಿರಬೇಕು. ಗೊತ್ತಿಲ್ಲದವರು ಯಾರನ್ನಾದರೂ ಕೇಳಿ ತಿಳಿಯಿರಿ. ಸಂಬಳಕ್ಕೆ ಬಂದವರಲ್ಲೂ ಅನುರಾಗ ಹುಟ್ಟುವುದನ್ನು ನಾನು ನೋಡಿದ್ದೇನೆ. ಪಕ್ಕದ ಬೀದಿಯ ಮೇಷ್ಟ್ರೊಬ್ಬರನ್ನು ನೋಡಿಕೊಂಡ ಚಿತ್ರದುರ್ಗದ ಕಡೆಯ ಹುಡುಗಿ ಅವರ ಹನ್ನೊಂದನೆಯ ದಿನ ಅತ್ತಷ್ಟು ಅವರ ಮಕ್ಕಳು ಅಳಲಿಲ್ಲ.

ಬಾರದ ಮಕ್ಕಳಿಗಿಂತ ನನ್ನನ್ನು ಹೆಚ್ಚು ಕಾಡುವವರು ಕೊನೆಯ ದಿನ ಬಂದಿಳಿದು, “ಏನು ಬೇಕಾದರೂ ಮಾಡಿ ಡಾಕ್ಟ್ರೇ, ದುಡ್ಡಿನ ಯೋಚನೆ ಬೇಡ” ಎನ್ನುವವರು. 1991ರಲ್ಲೇ ವೃದ್ಧವೈದ್ಯಕೀಯದ ಪತ್ರಿಕೆಯೊಂದು ಇವರ ಬಗ್ಗೆ ಲೇಖನ ಪ್ರಕಟಿಸಿತ್ತು; ಅದರಲ್ಲಿ ಇವರಿಗೆ ಇಟ್ಟ ಹೆಸರು ‘ಕ್ಯಾಲಿಫೋರ್ನಿಯಾದ ಮಗಳು’. ನಮ್ಮಲ್ಲಿ ಮಗನೇ ಹೆಚ್ಚು. ವರ್ಷಗಟ್ಟಲೆ ದೂರವಿದ್ದ ಅಳುಕು ಒಮ್ಮೆಲೇ ವೆಂಟಿಲೇಟರಿನ ರೂಪ ತಾಳುತ್ತದೆ. ಹಾಸಿಗೆಯ ಪಕ್ಕ ಕುಳಿತಿದ್ದವರಿಗೆ ತಂದೆಯವರು ಹೇಳಿದ್ದು ಬೇರೆಯೇ ಇರುತ್ತದೆ: ಸಾಕು, ಮನೆಗೆ ಕರೆದುಕೊಂಡು ಹೋಗಿ. ಅದನ್ನು ಹೇಳಹೊರಟವಳ ಮಾತು ಆ ಸಭೆಯಲ್ಲಿ ನಡೆಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮನೆಯವರಿಗಿಂತ ಮುಂದೆ ಹೋಗಿದೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ, ಇಬ್ಬರು ಸಾಕ್ಷಿಗಳೊಂದಿಗೆ ಬರೆದಿಡಬಹುದು. ಅದನ್ನು ಜಾರಿಗೆ ತರುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಹೊರಡಿಸಿತು. ರೋಗಿಯೋ ಬಂಧುಗಳೋ ಒಪ್ಪದಿದ್ದರೆ ಐಸಿಯುಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲೂ ಇದೆ. ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ 1999ರಿಂದ ಬೆಂಗಳೂರಿನಲ್ಲಿದೆ. ನೆರೆಯ ಕೇರಳದಲ್ಲಿ ನೋವು ನಿವಾರಣೆಯ ಆರೈಕೆಗೆ 2008ರಲ್ಲೇ ಸರ್ಕಾರದ ನೀತಿ ಬಂತು. ಬೀದಿ ಬೀದಿಯ ಸ್ವಯಂಸೇವಕರು ಮನೆಗೇ ಹೋಗಿ ರೋಗಿಗಳನ್ನು ನೋಡಿಬರುತ್ತಾರೆ. ಆ ರಾತ್ರಿ ನಿಯಮ ಮುರಿದ ದಾದಿ ಅಲ್ಲಿಂದ ಬಂದವರೆಂಬುದು ಕಾಕತಾಳೀಯವೋ ಏನೋ.

ಇತ್ತ ನಮ್ಮ ಸರ್ಕಾರ ಕಂಡುಕೊಂಡ ಉಪಾಯ ಬೇರೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯಂತೆ ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆಸ್ಪತ್ರೆಯಲ್ಲಿ ತಂದೆತಾಯಿಯನ್ನು ಬಿಟ್ಟುಹೋಗುವ ಮಕ್ಕಳ ಹೆಸರಿಗಾದ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಬೇಕೆಂದು 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವರು ಸೂಚಿಸಿದರು. ಒಳ್ಳೆಯದೇ, ಹೆದರಿಕೆಯೂ ಬೇಕು. ಆದರೆ ಜಮೀನು ಹೋದೀತೆಂದು ಮಂಚದ ಪಕ್ಕ ಕುಳಿತ ಮಗನ ಮುಖವನ್ನು ಆ ತಾಯಿ ದಿನವಿಡೀ ನೋಡಬೇಕಾಗುತ್ತದಲ್ಲ!

ಕಾಯಿದೆಯಿಂದ ಬರಬೇಕಾದದ್ದು ಬೇರೆ ಇದೆ. ಅರವತ್ತೈದು ದಾಟಿದ ಪ್ರತಿಯೊಬ್ಬ ಒಳರೋಗಿಯ ಬಳಿ, ಐಸಿಯು ಆದರೂ, ಅವರು ಬಯಸುವ ಒಬ್ಬ ಆಪ್ತರು ಇರತಕ್ಕದ್ದು. ಅವರಿಗೆ ಮಲಗಲು ಜಾಗ, ಶೌಚಾಲಯ, ಕುಡಿಯುವ ನೀರು ಒದಗಿಸತಕ್ಕದ್ದು. ಸೇರಿದ ದಿನವೇ ಅರ್ಧ ಗಂಟೆ ಕೂರಿಸಿ ಏನು ಮಾಡಬೇಕು, ಏನು ಮಾಡಬಾರದು ಎಂದು ದಾದಿಯರು ತಿಳಿಸತಕ್ಕದ್ದು. ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಎಲ್ಲಿಯೂ ರೋಗಿಯಿಂದ ಕಿತ್ತುಕೊಳ್ಳಕೂಡದು. ವೈದ್ಯರು ಬರೆದುಕೊಟ್ಟ ಕಾರಣವಿಲ್ಲದೆ ಕೈಕಾಲು ಕಟ್ಟಕೂಡದು. ಇದರಲ್ಲಿ ಯಾವುದಕ್ಕೂ ಕೋಟಿಗಟ್ಟಲೆಯ ಯಂತ್ರ ಬೇಕಿಲ್ಲ. ಹಿಂದೆ ಇದ್ದದ್ದನ್ನೇ ಕೇಳುತ್ತಿದ್ದಾನೆ ಮುದುಕ ಎನ್ನಬೇಡಿ. ಹಿಂದೆಯೂ ಎಲ್ಲವೂ ಚೆನ್ನಾಗಿರಲಿಲ್ಲ. ಸೊಸೆಯ ಬೆನ್ನು ಮುರಿದು ಮಾವನ ಆರೈಕೆ ನಡೆಯುತ್ತಿದ್ದ ಮನೆಗಳನ್ನು ನಾನು ಕಂಡಿದ್ದೇನೆ.

ನನ್ನ ಶಿಷ್ಯರಲ್ಲಿ ನನಗೆ ತಿಳಿದಂತೆ ಹನ್ನೆರಡು ಮಂದಿ ವೈದ್ಯರಿದ್ದೀರಿ, ಮೂವರು ಆಸ್ಪತ್ರೆ ನಡೆಸುತ್ತಿದ್ದೀರಿ, ದಾದಿಯರಾದವರ ಲೆಕ್ಕ ನನಗೆ ಸಿಕ್ಕಿಲ್ಲ. ನಿಮಗೆ ಒಂದು ಮನೆಗೆಲಸ ಕೊಡುತ್ತಿದ್ದೇನೆ. ನಿಮ್ಮಲ್ಲಿ ಐಸಿಯು ಭೇಟಿಯ ಸಮಯ ಎಷ್ಟು, ರೋಗಿಯ ಕಡೆಯವರು ರಾತ್ರಿ ಎಲ್ಲಿ ಮಲಗುತ್ತಾರೆ, ಕಳೆದ ತಿಂಗಳು ಎಷ್ಟು ಮಂದಿ ವೃದ್ಧರ ಕೈ ಕಟ್ಟಲಾಯಿತು ಎಂಬುದನ್ನು ಈ ತಿಂಗಳ ಕೊನೆಯೊಳಗೆ ನನಗೆ ಬರೆದು ಕಳುಹಿಸಿ. ಬಂದ ಉತ್ತರಗಳನ್ನು ಹೆಸರಿಲ್ಲದೆ ಇಲ್ಲಿಯೇ ಪ್ರಕಟಿಸುತ್ತೇನೆ. ಬರೆಯದವರ ಹೆಸರು ನನ್ನ ಹಳೆಯ ಹಾಜರಿ ಪುಸ್ತಕದಲ್ಲಿದೆ.